ಕುಸ್ತಿಯ ಮುನ್ನಾದಿನ

ವಾಚಕ ಮಹಾಶಯರು ಮನ್ನಿಸಬೇಕು. ಈ ತಿಂಗಳು ನಾನು ಬರೆಯಬೇಕೆಂದಿದ್ದ ವಿಷಯವೇ ಬೇರೆ. ಮಕ್ಕಳಿಗೆ ಅಮರಕೋಶವನ್ನು ಕಂಠಪಾಠ ಮಾಡಿಸುವುದರಿಂದ ಪ್ರಯೋಜನವುಂಟೇ ಇಲ್ಲವೇ ಎಂಬ ಹಳೆಯ ಚರ್ಚೆಯನ್ನು ಎತ್ತಿಕೊಳ್ಳೋಣವೆಂದು ಸಾಯಂಕಾಲ ದೀಪ ಹಚ್ಚಿದ ಕೂಡಲೆ ಕಾಗದ ಲೇಖನಿಗಳನ್ನು ತೆಗೆದುಕೊಂಡು ಕುಳಿತೆನು. ಆದರೆ ಎದುರಿನ ಅರಳಿಯ ಕಟ್ಟೆಯಿಂದ ಏಳುತ್ತಿದ್ದ ಗದ್ದಲದಲ್ಲಿ ಅಮರಸಿಂಹನಿಗೆ ಎಡೆಯೇ ಇರಲಿಲ್ಲ. ನಾಳೆ ದಾವಣಗೆರೆಯಲ್ಲಿ ಕುಸ್ತಿ. ನಮ್ಮ ಕೊಂಡಜ್ಜಿಯ ಹುಡುಗನೊಬ್ಬನಿಗೆ ಕೃಷ್ಣಾನದಿಯ ಆಚೆಯಿಂದ ಬಂದ ಪೈಲ್ವಾನನೊಡನೆ ಜೋಡಿ ಕಟ್ಟಿರುವರು. ಇಂತಹ ರಾತ್ರಿಯಲ್ಲಿ ನಿಘಂಟನ್ನು ಹಿಡಿದು ಕುಳಿತವನು ಊರಿಗೆಲ್ಲ ನಾನೊಬ್ಬನೇ ಎಂದು ತೋರಿ, ಲೇಖನಿಯನ್ನು ಕೆಳಗಿಟ್ಟು ಕಟ್ಟೆಯ ಬಳಿಗೆ ಹೋದೆನು. ಅಲ್ಲಿ ಕೇಳಿದುದನ್ನೂ, ಕೇಳುತ್ತ ಕುಳಿತಿದ್ದಾಗ ನೆನಪಿಗೆ ಬಂದುದನ್ನೂ ಈ ಸಲ ನಿಮ್ಮ ಮುಂದೆ ಇಡುವೆನು.

ನಮ್ಮ ಸೀಮೆಯ ಪರಿಚಯವಿಲ್ಲದವರಿಗೆ ಮೊದಲು ಎರಡು ಮಾತು. ಕೊಂಡಜ್ಜಿಯು ಹರಿಹರ ತಾಲ್ಲೂಕಿಗೆ ಸೇರಿದ ಹಳ್ಳಿ. ಗುಡ್ಡಗಳ ನಡುವಿನ ಕೆರೆಯಿಂದಲೂ, ಸ್ಕೌಟು ಬಾಲಕರು ಬಂದು ಬೀಡುಬಿಡುವ ಶಿಬಿರದಿಂದಲೂ ಹೊರಗಿನವರಿಗೆ ಇದರ ಹೆಸರು ತಿಳಿದಿರುವುದು. ಹರಿಹರೇಶ್ವರನ ಗುಡಿ ಒಂದು ಕಡೆ, ದಾವಣಗೆರೆಯ ದುರ್ಗಾಂಬಿಕೆಯ ಗುಡಿ ಇನ್ನೊಂದು ಕಡೆ. ನಮ್ಮವರ ಭಕ್ತಿಯು ಎರಡಕ್ಕೂ ಹಂಚಿಹೋಗಿರುವುದು. ದುರ್ಗಾಂಬಿಕೆಯನ್ನು ಜನರು ದುಗ್ಗಮ್ಮನೆಂದೇ ಕರೆಯುವರು. ಎರಡು ವರ್ಷಕ್ಕೊಮ್ಮೆ ನಡೆಯುವ ಆಕೆಯ ಜಾತ್ರೆಗೆ ಮನೆಮನೆಯಲ್ಲಿಯೂ ನೆಂಟರಿಷ್ಟರು ತುಂಬುವರು. ಆದರೆ ಉಂಡು ಕೈತೊಳೆದ ಗಂಡಸರ ಕಾಲುಗಳು ತಿರುಗುವುದು ಕುಸ್ತಿಯ ಮಟ್ಟಿಯ ಕಡೆಗೆ. ಬಯಲು ಕುಸ್ತಿಯಿಲ್ಲದೆ ಜಾತ್ರೆಯು ಪೂರ್ತಿಯಾಯಿತೆಂದು ನಮ್ಮಲ್ಲಿ ಯಾರೂ ಒಪ್ಪರು. ದಾವಣಗೆರೆಯ ಹತ್ತಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ, ಪಾಳಿ ಮುಗಿಸಿದ ಕಾರ್ಮಿಕರು ತಲೆಗೂದಲಿಗೆ ಅಂಟಿದ ಹತ್ತಿಯ ನವಿರನ್ನು ಕೊಡವಿಕೊಳ್ಳದೆಯೇ ಬಂದು ಮಟ್ಟಿಯ ಸುತ್ತ ನಿಲ್ಲುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿರುವೆನು. ಗಿರಣಿಗಳು ನಿಂತುಹೋದುವು, ಮಟ್ಟಿಯ ಸುತ್ತಣ ಜನವು ಕಡಮೆಯಾಗಲಿಲ್ಲ.

ಕಟ್ಟೆಯ ಮೇಲೆ ಮೂರು ಪಕ್ಷಗಳಿದ್ದುವು. ಮೊದಲನೆಯದು ಹಳೆಯ ಪೈಲ್ವಾನರ ಪಕ್ಷ. ಅದರ ನಾಯಕರು ಎಪ್ಪತ್ತು ದಾಟಿದ ಒಬ್ಬ ವಸ್ತಾದರು. ಎಳೆತನದಿಂದ ತಲೆಗೆ ತಲೆ ಉಜ್ಜಿ ಉಜ್ಜಿ ಅವರ ಎರಡು ಕಿವಿಗಳೂ ಒಣಗಿದ ಅಂಜೂರದ ಹಣ್ಣಿನಂತೆ ಮುದುಡಿಕೊಂಡಿರುವುವು. ಅವರ ವಾದವು ಹೀಗಿದ್ದಿತು: "ಬಂದವನು ನಮ್ಮ ಹುಡುಗನಿಗಿಂತ ನಾಲ್ಕು ಬೆರಳು ಎತ್ತರ, ತೂಕದಲ್ಲಿಯೂ ಹತ್ತು ಹನ್ನೆರಡು ಕಿಲೋ ಹೆಚ್ಚು. ಅವನು ಮೊದಲು ಕತ್ತಿನ ಮೇಲೆ ಕೈಹಾಕಿ ತನ್ನ ಭಾರವನ್ನೆಲ್ಲ ಇವನ ತಲೆಯ ಮೇಲೆ ಹೇರುವನು. ಹೇರಲಿ. ನಮ್ಮವನು ಎದುರಿಗೆದುರಾಗಿ ನಿಂತು ತಳ್ಳಾಡಬಾರದು. ಪಕ್ಕಕ್ಕೆ ಸರಿಯುತ್ತ, ಸುತ್ತುತ್ತ ಇರಬೇಕು. ದೊಡ್ಡ ಮೈಗೆ ದೊಡ್ಡ ಉಸಿರು ಬೇಕು. ಹತ್ತು ನಿಮಿಷ ಕಳೆಯಲಿ, ಅವನ ಬಾಯಿ ತೆರೆಯುವುದು. ಬಾಯಿ ತೆರೆದ ಮೇಲೆ ಏಕಲಂಗಿ ಹಾಕಲಿ. ಮರ ಉರುಳಿದಂತೆ ಉರುಳುವನು." ಏಕಲಂಗಿಯೆಂದರೆ ಎದುರಾಳಿಯ ಕಾಲಿಗೆ ತನ್ನ ಒಂದು ಕಾಲನ್ನು ತೊಡರಿಸಿ ಬೀಳಿಸುವ ಪಟ್ಟು.

ಎರಡನೆಯದು ಕಾಲೇಜಿನ ಹುಡುಗರ ಪಕ್ಷ. ಇವರ ಶಾಸ್ತ್ರಗ್ರಂಥವು ಅಂಗೈಯಲ್ಲಿಯೇ ಇರುವುದು. ಬಂದ ಪೈಲ್ವಾನನ ಮೂರು ಹಳೆಯ ಕುಸ್ತಿಗಳನ್ನು ಅವರು ಮೊಬೈಲಿನಲ್ಲಿ ಹತ್ತು ಹತ್ತು ಸಲ ನೋಡಿದ್ದರು. "ಮೂರರಲ್ಲಿಯೂ ಅವನು ಗೆದ್ದುದು ಢಾಕಿನಿಂದ. ತೋಳನ್ನು ಮೇಲಿನಿಂದ ಬಿಗಿದು, ಸೊಂಟವನ್ನು ಒಳಕ್ಕೆ ತಿರುಗಿಸಿ ಎತ್ತಿ ಹಾಕುವನು. ತಿರುಗುವುದಕ್ಕೆ ಮುಂಚೆ ಎಡಗಾಲನ್ನು ಮುಂದಿಡುವ ಅಭ್ಯಾಸ ಅವನಿಗುಂಟು. ಆ ಕಾಲು ಬಂದ ಕ್ಷಣದಲ್ಲಿಯೇ ಬಗ್ಗಿ ಅದನ್ನು ಎಳೆಯಬೇಕು. ಮೊದಲನೆಯ ನಿಮಿಷದಲ್ಲಿಯೇ ಮುಗಿಸಿಬಿಡಬೇಕು, ತಡಮಾಡಿದರೆ ತೂಕವೇ ಗೆಲ್ಲುವುದು" ಎಂಬುದು ಅವರ ಸಿದ್ಧಾಂತ.

ಮೂರನೆಯ ಪಕ್ಷವು ಕಟ್ಟೆಯ ಮೇಲಿರಲಿಲ್ಲ; ಸುತ್ತಣ ಮನೆಗಳ ಜಗಲಿಗಳ ಮೇಲಿದ್ದಿತು. ಅಲ್ಲಿಂದ ಒಬ್ಬ ಮುದುಕಿಯು, "ನಿಮ್ಮ ಪಟ್ಟು ಗಿಟ್ಟು ನನಗೆ ತಿಳಿಯದು. ಹುಡುಗ ಗೆದ್ದರೆ ದುಗ್ಗಮ್ಮನಿಗೆ ಹಸಿರು ಸೀರೆ ಉಡಿಸುವೆನೆಂದು ಹರಸಿಕೊಂಡಿದ್ದೇನೆ" ಎಂದಳು. ಕೃಷ್ಣೆಯ ಆಚೆಯಲ್ಲಿಯೂ ಒಬ್ಬ ಮುದುಕಿಯು ತನ್ನೂರಿನ ದೇವಿಗೆ ಇದೇ ರೀತಿ ಹರಸಿಕೊಂಡಿರಬಹುದೆಂದು ಆ ಹೊತ್ತಿನಲ್ಲಿ ಯಾರಿಗೂ ತೋರಲಿಲ್ಲ.

ಮೊದಲ ಎರಡು ಪಕ್ಷಗಳ ವಿವಾದವು ಮೇಲೆ ಕಾಣುವಷ್ಟು ಕ್ಷುಲ್ಲಕವಾದುದಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ ಕುಸ್ತಿಯು ಮೆತ್ತನೆಯ ಚಾಪೆಯ ಮೇಲೆ ನಡೆಯುವುದು. ಅಲ್ಲಿ ಮೂರು ಮೂರು ನಿಮಿಷಗಳ ಎರಡು ಅವಧಿಗಳು. ನಡುವೆ 30 ಸೆಕೆಂಡುಗಳ ವಿರಾಮ. ಎದುರಾಳಿಯನ್ನು ಕೆಳಗೆ ಕೆಡವಿ ಮೇಲೆ ಹಿಡಿತ ಸಾಧಿಸಿದರೆ 2 ಅಂಕ; ಅವನ ಬೆನ್ನನ್ನು ಚಾಪೆಯ ಕಡೆಗೆ ತಿರುಗಿಸಿದರೆ ಮತ್ತೆ 2 ಅಂಕ. ಫ್ರೀಸ್ಟೈಲ್ ಎಂಬ ಕ್ರಮದಲ್ಲಿ 10 ಅಂಕಗಳ ಮುನ್ನಡೆ ದೊರೆತರೆ ಆಟವು ಅಲ್ಲಿಗೇ ಮುಗಿಯಿತು. ಆದುದರಿಂದ ಚಾಪೆಯ ಮೇಲೆ ಒಂದೊಂದು ಕ್ಷಣಕ್ಕೂ ಬೆಲೆಯುಂಟು. ಅವಸರವೇ ಅಲ್ಲಿ ಉಪಾಯ. ನಮ್ಮ ಬಯಲು ಕುಸ್ತಿಯಲ್ಲಾದರೋ ಅಂಕಗಳ ಗೊಡವೆಯಿಲ್ಲ. ಎರಡು ಭುಜಗಳೂ ನೆಲಕ್ಕೆ ತಾಗಿ ಚಿತ್ತಾದರೆ ಸೋಲು. ಅಲ್ಲಿಯವರೆಗೆ ಹತ್ತು ಸಲ ಬಿದ್ದರೂ ಕಳೆದುಕೊಂಡುದು ಏನೂ ಇಲ್ಲ. ಬೋರಲು ಬಿದ್ದವನು ಎದೆಯನ್ನು ನೆಲಕ್ಕೊತ್ತಿ, ಮೊಣಕೈಗಳನ್ನು ಪಕ್ಕೆಗೆ ಸೇರಿಸಿಕೊಂಡು ಮಲಗಿದರೆ, ಅವನನ್ನು ಮಗುಚಲು ಮೇಲಿನವನು ಬೆವರಿಳಿಸಬೇಕಾಗುವುದು. ಇಲ್ಲಿ ತಾಳ್ಮೆಯೇ ಉಪಾಯ.

ಇದಲ್ಲದೆ ಮಣ್ಣಿನ ಸ್ವಭಾವವೂ ಬೇರೆ. ಅಗೆದು ಸಡಿಲಮಾಡಿ, ಎಣ್ಣೆ ಮಜ್ಜಿಗೆ ಅರಿಸಿನಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನಲ್ಲಿ ಪಾದವು ಸ್ವಲ್ಪ ಹೂಳುವುದು. ಚಾಪೆಯ ಮೇಲೆ ಮಿಂಚಿನಂತೆ ನುಗ್ಗುವ ಕಾಲು ಮಣ್ಣಿನಲ್ಲಿ ಅರ್ಧ ಕ್ಷಣ ತಡವಾಗುವುದು. ಕಾಲೆಳೆಯಲು ಬಗ್ಗಿದವನ ಕತ್ತಿನ ಮೇಲೆ ಎದುರಾಳಿಯ ಭಾರವೆಲ್ಲ ಬೀಳಲು ಆ ಅರ್ಧ ಕ್ಷಣವೇ ಸಾಕು. ನಾನು ಹುಡುಗರನ್ನು, "ನೀವು ನೋಡಿದ ಕುಸ್ತಿಗಳು ಚಾಪೆಯ ಮೇಲಿನವೋ ಮಣ್ಣಿನ ಮೇಲಿನವೋ?" ಎಂದು ಕೇಳಿದೆನು. ಮೂರರಲ್ಲಿ ಎರಡು ಚಾಪೆಯ ಮೇಲಿನವು. ಹುಡುಗರು ಸ್ವಲ್ಪ ಹೊತ್ತು ಸುಮ್ಮನಾದರು. ವಸ್ತಾದರು ಮೀಸೆಯ ಮೇಲೆ ಕೈಯಾಡಿಸಿದರು.

ಆದರೆ ವಸ್ತಾದರ ಸಿದ್ಧಾಂತವೂ ನಿರ್ವಿವಾದವಲ್ಲವೆಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವುಂಟು. 1910ನೆಯ ಇಸವಿ ಸೆಪ್ಟೆಂಬರ್ 10ನೆಯ ತಾರೀಖು ಲಂಡನ್ನಿನಲ್ಲಿ ನಮ್ಮ ದೇಶದ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಸ್ಬಿಶ್ಕೋ ಎಂಬ ದೈತ್ಯಕಾಯನಿಗೂ ಕುಸ್ತಿಯಾಯಿತು. ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ಗಾಮಾ ಅವನನ್ನು ಕೆಳಗೆ ತಂದನು. ಸ್ಬಿಶ್ಕೋ ಬೋರಲು ಮಲಗಿದವನು ಬಹುಮಟ್ಟಿಗೆ ಮಲಗಿಯೇ ಇದ್ದನು. ಎರಡೂವರೆ ಗಂಟೆಗಳ ಕಾಲ ಗಾಮಾ ಎಷ್ಟು ಹೆಣಗಿದರೂ ಅವನನ್ನು ಮಗುಚಲಾಗಲಿಲ್ಲ; ಕೊನೆಗೆ ಸಮವೆಂದು ಸಾರಿದರು. ಮುಂದಿನ ವಾರ, 17ನೆಯ ತಾರೀಖು, ಮತ್ತೆ ಸೆಣಸಬೇಕೆಂದು ಗೊತ್ತಾಗಿದ್ದರೂ ಸ್ಬಿಶ್ಕೋ ಬರಲೇ ಇಲ್ಲ. ಹದಿನೇಳು ವರ್ಷಗಳಿಗೂ ಮೇಲ್ಪಟ್ಟು ಕಳೆದು, 1928ರಲ್ಲಿ ಪಟಿಯಾಲದಲ್ಲಿ ಅದೇ ಇಬ್ಬರು ಮಣ್ಣಿನ ಮೇಲೆ ಎದುರಾದರು. ಆಗ ಒಂದು ನಿಮಿಷ ತುಂಬುವ ಮೊದಲೇ ಗಾಮಾ ಅವನನ್ನು ಚಿತ್ ಮಾಡಿದನು. ಮಣ್ಣಿನಲ್ಲಿ ತಾಳ್ಮೆ, ಚಾಪೆಯ ಮೇಲೆ ಅವಸರ ಎಂಬ ನಮ್ಮ ಸೂತ್ರವು ಇಲ್ಲಿ ತಲೆಕೆಳಗಾಯಿತಲ್ಲವೇ? ನಾನು ಇದನ್ನು ಹೇಳಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ವಸ್ತಾದರ ಕೈ ಮೀಸೆಯಿಂದ ಕೆಳಗಿಳಿಯಿತು.

"ಹಾಗಾದರೆ ಮೇಷ್ಟರೇ, ನಿಮ್ಮ ಶಾಸ್ತ್ರವು ಏನು ಹೇಳುವುದು?" ಎಂದು ಎರಡು ಪಕ್ಷದವರೂ ನನ್ನ ಕಡೆಗೆ ತಿರುಗಿದರು. ಸಂಸ್ಕೃತ ಓದಿದವನ ಬಾಯಿಂದ ಎಲ್ಲ ವಿಷಯಕ್ಕೂ ಒಂದು ಪ್ರಮಾಣ ಬರಬೇಕೆಂಬುದು ನಮ್ಮೂರಿನ ನಂಬಿಕೆ. ನಾನೂ ಅದನ್ನು ಇದುವರೆಗೆ ಕೆಡಿಸಿಲ್ಲ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನಾಡನ್ನು ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿರುವನೆಂದೂ, ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ವರ್ಗಮಾಡಿರುವನೆಂದೂ, ಅವರಿಗೆ ಕೊಡತಕ್ಕ ಆಹಾರ, ಮಾಡಿಸತಕ್ಕ ಅಭ್ಯಾಸ ಇವುಗಳನ್ನೆಲ್ಲ ಹೇಳಿರುವನೆಂದೂ ವಿವರಿಸಿದೆನು. ವಿನೋದವು ಅರಸನದು, ಆದರೆ ಮಲ್ಲನ ಊಟ ಉಪಚಾರಗಳ ಹೊಣೆಯೂ ಅರಸನದೇ ಎಂಬ ಮಾತನ್ನು ಸೇರಿಸಬೇಕೆಂದಿರುವಷ್ಟರಲ್ಲಿ, ಕಟ್ಟೆಯ ತುದಿಯಿಂದ ಒಂದು ದನಿಯು ಕೇಳಿಬಂದಿತು.

"ಅವನ ಮಂಡಿ ಹೇಗಿದೆ?"

ಯಾರೂ ಉತ್ತರ ಕೊಡಲಿಲ್ಲ. ಆ ದನಿಯೇ ಮುಂದುವರಿಯಿತು: "ಸಂಜೆ ಕೆರೆಯ ಏರಿಯಿಂದ ಇಳಿಯುವಾಗ ನೋಡಿದೆ. ಎಡಗಾಲನ್ನು ಊರದೆ ಇಳಿಯುತ್ತಿದ್ದ. ಯಾರಾದರೂ ಕೇಳಿದಿರಾ?"

ಎದುರಾಳಿಯ ಎಡಗಾಲು ಯಾವ ಕ್ಷಣದಲ್ಲಿ ಮುಂದೆ ಬರುವುದೆಂದು ನಮಗೆ ತಿಳಿದಿದ್ದಿತು. ಅವನ ಉಸಿರು ಎಷ್ಟನೆಯ ನಿಮಿಷದಲ್ಲಿ ಸೋಲುವುದೆಂದು ತಿಳಿದಿದ್ದಿತು. ಎರಡು ಬೀದಿಯ ಆಚೆ ಮಲಗಿದ್ದ ನಮ್ಮ ಹುಡುಗನ ಎಡಗಾಲು ಹೇಗಿರುವುದೆಂದು ಮಾತ್ರ ಅಷ್ಟು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಪ್ರಶ್ನೆ ಕೇಳಿದವನು ಯಾರೆಂಬುದನ್ನು ಹೇಳದೆ ನಾನು ಮುಂದೆ ಹೋಗಲಾರೆನು. ಹೆಸರು ಬೇಡ, ಅವನು ನಮ್ಮೂರಿನ ಹಿಟ್ಟಿನ ಗಿರಣಿಯವನು, ನನ್ನ ಶಿಷ್ಯ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಮೇಷ್ಟರ ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದಾಗ, ಈ ಸೀಮೆಯಲ್ಲಿ ಅವನಿಗೆ ಸಮನಾದ ಎಳೆಯ ಪೈಲ್ವಾನನಿರಲಿಲ್ಲ. ಅವನಿಗೂ ದುಗ್ಗಮ್ಮನ ಜಾತ್ರೆಯಲ್ಲಿ ಇಂತಹುದೇ ಒಂದು ದೊಡ್ಡ ಜೋಡಿ ಕಟ್ಟಿದ್ದರು. ಆಗ ಊರಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಅಭಿಮಾನಿಯು ನಾನೇ. ಬೆಳ್ಳಿಯ ಕಡಗಕ್ಕೆ ಮನೆಮನೆ ತಿರುಗಿ ಚಂದಾ ಎತ್ತಿದವನು ನಾನು. ಡೊಳ್ಳಿನವರಿಗೆ ಮುಂಗಡ ಕೊಟ್ಟವನು ನಾನು. ಯಾವ ಪಟ್ಟಿನಿಂದ ಎಷ್ಟನೆಯ ನಿಮಿಷದಲ್ಲಿ ಗೆಲ್ಲುವನೆಂದು ತರಗತಿಯ ಕರಿಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ತೋರಿಸಿದವನೂ ನಾನೇ.

ಕುಸ್ತಿಯ ಮುನ್ನಾದಿನ ಸಂಜೆ ಅವನು ನಮ್ಮ ಮನೆಗೆ ಬಂದನು. ಪಂಚೆಯನ್ನು ಮೇಲೆತ್ತಿ ಮಂಡಿಯನ್ನು ತೋರಿಸಿದನು, ಅದು ಊದಿಕೊಂಡಿದ್ದಿತು. "ಮೇಷ್ಟ್ರೇ, ಏನು ಮಾಡಲಿ?" ಎಂದಷ್ಟೇ ಕೇಳಿದನು. ಆ ಪ್ರಶ್ನೆಯಲ್ಲಿಯೇ ಉತ್ತರವೂ ಇದ್ದಿತು. ನಾನು 'ಬೇಡ' ಎಂದು ಒಂದು ಮಾತು ಅಂದಿದ್ದರೆ ಅವನು ನಿಲ್ಲುತ್ತಿದ್ದನು. ಅದನ್ನು ಕೇಳುವುದಕ್ಕೆಂದೇ ಬಂದಿದ್ದನು. ನಾನಾದರೋ ಚಂದಾ ಕೊಟ್ಟವರ ಮುಖಗಳನ್ನು ನೆನೆದೆನು. ಬೆಳಗ್ಗೆ ಹೊರಡಲಿದ್ದ ಟೆಂಪೋಗಳನ್ನು ನೆನೆದೆನು. ಲಕ್ಷ್ಮಿಯು ಉದ್ಯೋಗಶೀಲನಾದ ಪುರುಷಸಿಂಹನಿಗೇ ಒಲಿಯುವಳೆಂಬ ಅರ್ಥದ ಸುಭಾಷಿತವೊಂದನ್ನು ಹೇಳಿ, ಅದರ ತಾತ್ಪರ್ಯವನ್ನೂ ಬಿಡಿಸಿ, ಮಂಡಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಳ್ಳದೆ ಇರುವಂತೆ ಎಚ್ಚರಿಸಿದೆನು. ಸುತ್ತಿಕೊಂಡರೆ ಎದುರಾಳಿಗೆ ಗುಟ್ಟು ತಿಳಿದುಹೋಗುವುದಲ್ಲವೇ? ಆ ಸಲಹೆಯು ಯುದ್ಧತಂತ್ರದ ದೃಷ್ಟಿಯಿಂದ ಸರಿಯಾಗಿಯೇ ಇದ್ದಿತು.

ಮಾರನೆಯ ದಿನ ನಾಲ್ಕನೆಯ ನಿಮಿಷದಲ್ಲಿ ಅವನು ಬಿದ್ದನು. ಎದುರಾಳಿಯು ಪಟ್ಟು ಹಾಕಿದುದರಿಂದಲ್ಲ. ಹಿಂದಕ್ಕೆ ಇಟ್ಟ ಹೆಜ್ಜೆಯು ಮಣ್ಣಿನಲ್ಲಿ ಹೂಳಿ, ಮಂಡಿಯು ತಿರುಚಿಕೊಂಡಿತು. ಇಬ್ಬರು ಹೊತ್ತು ಹೊರಗೆ ತಂದರು. ಆಮೇಲೆ ಅವನು ಮಟ್ಟಿಗೆ ಇಳಿಯಲೇ ಇಲ್ಲ. ಹಿಂದಿರುಗುವಾಗ ಟೆಂಪೋದಲ್ಲಿ, "ಊರಿನ ಮಾನ ಕಳೆದ" ಎಂದು ಒಬ್ಬನು ಅಂದನು. ನಾನು ಸುಮ್ಮನೆ ಕುಳಿತಿದ್ದೆನು. ಹದಿನೈದು ದಿನಗಳಲ್ಲಿ ಊರು ಎಲ್ಲವನ್ನೂ ಮರೆಯಿತು. ಆದರೆ 'ಮೇಷ್ಟರನ್ನು ಕೇಳಿಯೇ ಹೋದೆನು' ಎಂಬ ಮಾತನ್ನು ಅವನು ಇಂದಿನವರೆಗೆ ಯಾರ ಮುಂದೆಯೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿದ್ದಿತೋ ಏನೋ. ಇಂದಿಗೂ ನಮ್ಮ ಮನೆಯ ಜೋಳವನ್ನು ಅವನೇ ಬೀಸಿಕೊಡುವನು. ಗಿರಣಿಯ ಮೆಟ್ಟಿಲನ್ನು ಒಂದೇ ಕಾಲಿನಿಂದ ಹತ್ತುವನು.

ಅಭಿಮಾನಿಯೆಂಬ ಶಬ್ದವನ್ನು ನಾವು ಈಗ ಬಹಳ ಸಲೀಸಾಗಿ ಬಳಸುತ್ತಿರುವೆವು. ವೇದಾಂತಿಗಳು ದೇಹಾಭಿಮಾನವೆಂದು ಒಂದನ್ನು ಹೇಳುವರು. 'ಈ ದೇಹವೇ ನಾನು' ಎಂಬ ಭ್ರಮೆ ಅದು. ಆಟದ ಅಭಿಮಾನಿಗೆ ಹಿಡಿದಿರುವುದು ಇನ್ನೂ ವಿಚಿತ್ರವಾದ ಭ್ರಮೆ. 'ಇನ್ನೊಬ್ಬನ ದೇಹವೇ ನಾನು' ಎಂದು ಅವನು ತಿಳಿಯುವನು. ಆದರೆ ಈ ಐಕ್ಯವು ಪೂರ್ಣವಾದುದಲ್ಲವೆಂಬುದನ್ನು ಅವನ ವ್ಯಾಕರಣವೇ ಹೊರಗೆಡಹುವುದು. ಗೆದ್ದರೆ 'ನಾವು ಗೆದ್ದೆವು'. ಪೆಟ್ಟಾದರೆ 'ಅವನಿಗೆ ಪೆಟ್ಟಾಯಿತು'. ಗೆಲುವಿಗೆ ಉತ್ತಮಪುರುಷ ಬಹುವಚನ, ನೋವಿಗೆ ಪ್ರಥಮಪುರುಷ ಏಕವಚನ! ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದ ನನಗೆ ಈ ಪ್ರಯೋಗವು ಕಣ್ಣಿಗೆ ಬಿದ್ದುದು ತೀರ ತಡವಾಗಿ.

ವಿರಾಟಪರ್ವದಲ್ಲಿ ಜೀಮೂತನೆಂಬ ಮಲ್ಲನ ಪ್ರಸಂಗವನ್ನು ಎಲ್ಲರೂ ಬಲ್ಲರು. ಮತ್ಸ್ಯನಗರದ ಉತ್ಸವಕ್ಕೆ ನಾನಾ ದೇಶಗಳಿಂದ ಮಲ್ಲರು ಬಂದು ಸೇರಿದರು. ಜೀಮೂತನು ಕರೆದಾಗ ಎದುರು ನಿಲ್ಲಲು ಯಾರೂ ಬರಲಿಲ್ಲ. ಅರಸನು ತನ್ನ ಅಡುಗೆಯವನನ್ನು ಮುಂದೆ ನೂಕಿದನು. ಭೀಮನು ಜೀಮೂತನನ್ನು ಎತ್ತಿ ತಿರುಗಿಸಿ ನೆಲಕ್ಕೆ ಅಪ್ಪಳಿಸಿದುದನ್ನು ಹರಿಕಥೆಯಲ್ಲಿ ಕೇಳಿ ನಾವೆಲ್ಲ ಹಿಗ್ಗಿದವರೇ. ಆದರೆ ವ್ಯಾಸರು ಅದಕ್ಕೆ ಮುಂಚೆ ಒಂದು ಚಿಕ್ಕ ಮಾತನ್ನು ಇಟ್ಟಿರುವರು. ಅಜ್ಞಾತವಾಸದಲ್ಲಿದ್ದ ಭೀಮನಿಗೆ ಸೋಲಿನಷ್ಟೇ ಗೆಲುವೂ ಅಪಾಯ. ಗೆದ್ದರೆ ಗುರುತು ಸಿಕ್ಕೀತು. ಆದರೂ ಅರಸನ ಮಾತನ್ನು ಎಲ್ಲರೆದುರಿಗೆ ಮೀರಲಾರದೆ ಅವನು ದುಃಖದಿಂದಲೇ ಮನಸ್ಸು ಮಾಡಿದನಂತೆ. ನೂಕಿದ ಅರಸನಿಗೆ ಇದಾವುದೂ ತಿಳಿಯದು. ಅವನು ಕೇಳಲೂ ಇಲ್ಲ. ಈ ಅಧ್ಯಾಯವನ್ನು ಎಷ್ಟೋ ಸಲ ಪಾಠ ಹೇಳಿದ ನಾನು ಆ 'ದುಃಖ' ಎಂಬ ಪದಕ್ಕೆ ಪ್ರತಿಪದಾರ್ಥ ಹೇಳಿ ಮುಂದೆ ಸಾಗಿದವನೇ ಹೊರತು ಅಲ್ಲಿ ನಿಂತವನಲ್ಲ.

ಹಾಗೆಂದು ಊರಿನವರು ಆಸೆಯನ್ನೇ ಇಟ್ಟುಕೊಳ್ಳಬಾರದೆಂದು ನಾನು ಹೇಳುವವನಲ್ಲ. ಯಾರ ಆಸೆಯೂ ಇಲ್ಲದ ಪೈಲ್ವಾನನು ಯಾರೂ ಕೇಳದ ಸಂಗೀತಗಾರನಂತೆ. ಪ್ರಶ್ನೆಯಿರುವುದು ಆಸೆಯೊಡನೆ ನಾವು ನಮ್ಮದೆಂಬುದನ್ನು ಏನನ್ನು ಪಣಕ್ಕಿಡುವೆವು ಎಂಬುದರಲ್ಲಿ. ಸಾತಾರಾ ಜಿಲ್ಲೆಯ ಹಳ್ಳಿಯವನಾದ ಖಾಶಾಬಾ ಜಾಧವನು 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಚಾಪೆಯ ಅಭ್ಯಾಸವು ಸಾಲದಿದ್ದರೂ, ಆರನೆಯವನಾಗಿ ಬಂದನು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಅವನ ಬಳಿ ಹಣವಿರಲಿಲ್ಲ. ಅವನು ಓದಿದ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿಗಳನ್ನು ಒದಗಿಸಿದರು. ಅವನು ಕಂಚಿನ ಪದಕವನ್ನು ತಂದನು. ಸ್ವತಂತ್ರ ಭಾರತಕ್ಕೆ ಒಬ್ಬನೇ ವ್ಯಕ್ತಿಯು ಗೆದ್ದುತಂದ ಮೊದಲನೆಯ ಒಲಿಂಪಿಕ್ ಪದಕವದು. ಆ ಸಂದರ್ಭದಲ್ಲಿಯೇ ದೀರ್ಘವಾದ ಒಂದು ಸೆಣಸಾಟದ ಬೆನ್ನಿಗೇ ಅವನನ್ನು ಮತ್ತೆ ಚಾಪೆಗೆ ಕರೆದರಂತೆ. ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿದ್ದರೂ, 'ಅವನು ದಣಿದಿರುವನು, ನಿಲ್ಲಿಸಿ' ಎಂದು ಹೇಳಲು ನಮ್ಮ ದೇಶದ ಅಧಿಕಾರಿಯೊಬ್ಬನೂ ಅಲ್ಲಿ ಇರಲಿಲ್ಲ. ಅವನು ಆ ಕುಸ್ತಿಯನ್ನು ಸೋತನು. ಮನೆಯನ್ನು ಒತ್ತೆಯಿಟ್ಟ ಒಬ್ಬ ಮೇಷ್ಟರು ಒಂದು ಕಡೆ. ಚಾಪೆಯ ಪಕ್ಕದಲ್ಲಿ ಬರಿದಾಗಿದ್ದ ಆ ಒಂದು ಸ್ಥಳವು ಇನ್ನೊಂದು ಕಡೆ. ನಾನು ಮೂವತ್ತು ವರ್ಷಗಳ ಹಿಂದೆ ನಿಂತಿದ್ದುದು ಎಲ್ಲಿ? ಊರಿನ ಚಂದಾಹಣವನ್ನೂ ಇನ್ನೊಬ್ಬರ ಮಗನ ಮಂಡಿಯನ್ನೂ ಪಣಕ್ಕಿಟ್ಟಿದ್ದೆನು. ನನ್ನದೆಂಬುದು ಅದರಲ್ಲಿ ಒಂದು ಸುಭಾಷಿತ ಮಾತ್ರ.

ಕುಸ್ತಿಯ ಗೋಜಿಗೆ ಹೋಗದ ಮನೆಗಳವರೂ ಇದನ್ನು ಸ್ವಲ್ಪ ಆಲೋಚಿಸಬಹುದು. ಜಾತ್ರೆಯ ಹಿಂದೆಯೇ ಪರೀಕ್ಷೆಗಳು ಬರುವುವು. ಎಷ್ಟು ಅಂಕ ಬರಬೇಕು, ಯಾವ ಪ್ರಶ್ನೆಯನ್ನು ಮೊದಲು ಬರೆಯಬೇಕು, ಪಕ್ಕದ ಮನೆಯ ಹುಡುಗಿಯು ಎಷ್ಟು ಗಂಟೆ ಓದುವಳು ಎಂಬುದನ್ನೆಲ್ಲ ತಂದೆತಾಯಿಗಳು ಬಲ್ಲರು. ಮಗುವು ನಿನ್ನೆ ರಾತ್ರಿ ನಿದ್ದೆಮಾಡಿತೇ ಎಂದು ಕೇಳಿದರೆ ಕೆಲವರು ಒಬ್ಬರ ಮುಖವನ್ನೊಬ್ಬರು ನೋಡುವರು.

ಕಟ್ಟೆಯ ಮಾತಿಗೆ ಹಿಂದಿರುಗುವೆನು. ಗಿರಣಿಯವನು ಉತ್ತರಕ್ಕೆ ಕಾಯದೆ ಎದ್ದು, ತನ್ನ ವಾಡಿಕೆಯ ನಡಗೆಯಲ್ಲಿ ಹುಡುಗನ ಮನೆಯ ಕಡೆಗೆ ಹೊರಟನು. ನಾನು ಬ್ಯಾಟರಿಯ ದೀಪವನ್ನು ತೆಗೆದುಕೊಂಡು ಹಿಂದೆ ಹೋದೆನು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದರೆ ವಸ್ತಾದರೂ ಕೋಲೂರಿಕೊಂಡು ಬರುತ್ತಿದ್ದರು.

ಹುಡುಗನು ಮಲಗಿರಲಿಲ್ಲ. ಜಗಲಿಯ ಮೇಲೆ ಕಾಲುಚಾಚಿ ಕುಳಿತಿದ್ದನು. ಮಂಡಿಗೆ ಹರಳೆಲೆಯನ್ನು ಬಿಸಿಮಾಡಿ ಕಟ್ಟಿದ್ದರು. ನಮ್ಮನ್ನು ಕಂಡೊಡನೆ ಅವನ ತಾಯಿಯು ಒಳಕ್ಕೆ ಸರಿದು ಬಾಗಿಲ ಮರೆಯಲ್ಲಿ ನಿಂತಳು. ಪಟ್ಟುಗಳನ್ನು ಹೇಳಿಕೊಡಲು ಬಂದರೆಂದು ಭಾವಿಸಿ ಹುಡುಗನು ಎದ್ದು ನಿಲ್ಲಲು ಹೋದನು. ಗಿರಣಿಯವನು ಅವನ ಭುಜವನ್ನು ಹಿಡಿದು ಕೂರಿಸಿ, ಎಲೆಯನ್ನು ಬಿಚ್ಚಿ, ಎರಡು ಹೆಬ್ಬೆರಳುಗಳಿಂದ ಮಂಡಿಯ ಸುತ್ತಲೂ ಮೆಲ್ಲಗೆ ಒತ್ತಿ ನೋಡಿದನು. ಎಲ್ಲಿ ಒತ್ತಬೇಕೆಂಬುದು ಅವನಿಗೆ ತಿಳಿದಿದ್ದಿತು.

"ಒಳಗೆ ನೋಯುವುದೋ ಮೇಲೆಯೋ?"

"ಮೇಲೆ."

"ಸುಳ್ಳು ಹೇಳಬೇಡ."

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೂ ಸ್ವಲ್ಪ" ಎಂದನು.

"ಬೆಳಗ್ಗೆ ಎದ್ದು ಮೊದಲು ಮೆಟ್ಟಿಲು ಇಳಿದು ನೋಡು. ಏರುವುದನ್ನಲ್ಲ, ಇಳಿಯುವುದನ್ನು. ಒಳಗಿನ ನೋವು ಹೋಗಿದ್ದರೆ ಹೋಗಿ ಆಡು. ಹೋಗದಿದ್ದರೆ ಜೋಡಿ ಬಿಡು. ಊರಿನವರಿಗೆ ನಾನು ಹೇಳುತ್ತೇನೆ."

"ನಾನೂ ಹೇಳುವೆನು" ಎಂದರು ವಸ್ತಾದರು. "ಜೋಡಿ ಕಟ್ಟಿದವರ ಹತ್ತಿರ ನಾನೇ ಮಾತಾಡುತ್ತೇನೆ."

ಇಬ್ಬರೂ ನನ್ನ ಕಡೆಗೆ ನೋಡಿದರು. "ನಾನೂ" ಎಂದೆನು. ಗಿರಣಿಯವನು ತಲೆ ಬಗ್ಗಿಸಿಕೊಂಡು ಮತ್ತೆ ಎಲೆ ಕಟ್ಟತೊಡಗಿದನು, ಬೇರೇನೂ ಹೇಳಲಿಲ್ಲ. ನನಗೂ ಆ ಒಂದು ಪದಕ್ಕಿಂತ ಹೆಚ್ಚಾಗಿ ಏನೂ ತೋರಲಿಲ್ಲ. ಬಾಗಿಲ ಮರೆಯಿಂದ ತಾಯಿಯು ಮೂರು ಲೋಟ ಮಜ್ಜಿಗೆಯನ್ನು ಹೊರಗೆ ಸರಿಸಿದಳು.

ಹಿಂದಿರುಗುವಾಗ ಕಟ್ಟೆಯಲ್ಲಿ ಗದ್ದಲವು ಇನ್ನೂ ನಡೆದೇ ಇದ್ದಿತು. ಹುಡುಗರು ಮೊಬೈಲನ್ನು ಮುಂದೆ ಹಿಡಿದು, "ಮೇಷ್ಟ್ರೇ, ಕೊನೆಗೆ ಹೇಳಿ, ಯಾವ ತಂತ್ರ?" ಎಂದರು. ಮಂಡಿಯು ಸರಿಯಾದರೆ ವಸ್ತಾದರ ಮಾತು, ಸುತ್ತುತ್ತ ಕಾಯುವುದು. ಏಕೆಂದರೆ ಬಗ್ಗಿ ಕಾಲೆಳೆಯುವ ಉಪಾಯದಲ್ಲಿ ನೋಯುವ ಮಂಡಿಯನ್ನೇ ಮೊದಲು ನೆಲಕ್ಕೂರಬೇಕಾಗುವುದು. ಮಂಡಿಯು ಸರಿಯಾಗದಿದ್ದರೆ ನಾಳೆ ನಮ್ಮೂರಿಗೆ ಕುಸ್ತಿಯಿಲ್ಲ. ಹೀಗೆಂದು ಹೇಳಿದೆನು. ಕೆಲವರಿಗೆ ಕೋಪ ಬಂದಿತು. ಟೆಂಪೋಗೆ ಮುಂಗಡ ಕೊಟ್ಟಾಗಿದೆಯೆಂದು ಒಬ್ಬನು ಅಂದನು. ಆ ಮುಂಗಡವನ್ನು ನಾನು ಕೊಡುವೆನೆಂದೆನು.

ಇದನ್ನು ಬರೆಯುತ್ತಿರುವಾಗ ರಾತ್ರಿಯು ಹನ್ನೊಂದು ದಾಟಿರುವುದು. ಈ ಸಂಚಿಕೆಯು ನಿಮ್ಮ ಕೈಸೇರುವ ವೇಳೆಗೆ ಜಾತ್ರೆಯು ಮುಗಿದು, ಮಟ್ಟಿಯ ಮಣ್ಣು ಒಣಗಿ, ಆದುದೇನೆಂಬುದು ನಮ್ಮೂರಿನ ಮಕ್ಕಳಿಗೂ ತಿಳಿದಿರುವುದು. ಹುಡುಗನು ಬೆಳಗ್ಗೆ ಮೆಟ್ಟಿಲು ಇಳಿಯುವುದನ್ನು ನೋಡಲು ನಾನು ಬೇಗನೆ ಏಳಬೇಕಾಗಿರುವುದರಿಂದ ಇಲ್ಲಿಗೆ ಮುಗಿಸುವೆನು. ಅಮರಕೋಶದ ಮಾತು ಬರುವ ತಿಂಗಳು.